ಸಂಗಣ್ಣನ ಐದು ಮೈಕ್ರಾನ್ ಬೀಗ

ಸಂಗಣ್ಣನ ಸೈಕಲ್ಲಿನ ಸೀಟು ಕಳುವಾದ ದಿನ ಅವನು ಪೀಣ್ಯದಿಂದ ಲಗ್ಗೆರೆಯವರೆಗೆ ನಿಂತುಕೊಂಡೇ ಸೈಕಲ್ ತುಳಿದ. ಕೂರಲು ಏನೂ ಇರಲಿಲ್ಲ. ಸೀಟು ಇದ್ದ ಕಡೆ ಒಂದು ಕಬ್ಬಿಣದ ಕೊಳವೆ ಮಾತ್ರ ಬಾಯಿ ತೆರೆದುಕೊಂಡು ಆಕಾಶ ನೋಡುತ್ತಿತ್ತು. ಅದರ ಮೇಲೆ ಕೂರುವ ಧೈರ್ಯ ಯಾವ ಮರ್ಯಾದಸ್ಥನಿಗೂ ಬರುವಂಥದ್ದಲ್ಲ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದ ಆಟೋದವನು ಅವನನ್ನು ಮೇಲಿಂದ ಕೆಳಗೆ ನೋಡಿ, “ಏನ್ ಗುರು, ರೇಸಾ?” ಎಂದು ಕೇಳಿದ. ಸೀಟು ಹೋದದ್ದಕ್ಕಿಂತ ಆ ಒಂದು ಮಾತು ಸಂಗಣ್ಣನ ಹೊಟ್ಟೆಯನ್ನು ಹೆಚ್ಚು ಉರಿಸಿತು.

ಬೆಲ್ಲು ಹೋದಾಗ ಅವನು ಸುಮ್ಮನಿದ್ದ. ಹಿಂದಿನ ಮಡ್‌ಗಾರ್ಡ್ ಹೋದಾಗ, ಹೇಗೂ ಮಳೆಗಾಲ ಮುಗಿಯುತ್ತಾ ಬಂತಲ್ಲ ಎಂದು ಸಮಾಧಾನ ಮಾಡಿಕೊಂಡ. ಆದರೆ ಮನುಷ್ಯ ಕೂರುವ ಜಾಗಕ್ಕೇ ಕೈ ಹಾಕುವುದೆಂದರೇನು? ಹದಿನೆಂಟು ವರ್ಷದಿಂದ ಈ ಊರಿಗೆ ಬೋಲ್ಟು, ಶಾಫ್ಟು, ಬುಶ್ ಎಂದು ಕಡಿದು ಕಡಿದು ಕೊಟ್ಟವನಿಗೆ ಈ ಊರು ಮಾಡುವ ಮರ್ಯಾದೆ ಇದೇನಾ?

ವಠಾರದ ಗೇಟಿನಲ್ಲಿ ಮನೆ ಒಡತಿ ಕೃಷ್ಣಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಆಕೆಯ ಮಾವನ ಕಾಲದಲ್ಲಿ ರಾಗಿ ಹೊಲವಾಗಿದ್ದ ಜಾಗದಲ್ಲಿ ಈಗ ಎಂಟು ಬಾಡಿಗೆ ಮನೆಗಳಿವೆ. ಅದರಲ್ಲಿ ಐದನೆಯದು ಸಂಗಣ್ಣನದು.

“ಅಲ್ಲ ಕಣಪ್ಪ ಸಂಗಣ್ಣ, ಸೀಟೆಲ್ಲಪ್ಪಾ?” ಎಂದಳು ಕೃಷ್ಣಮ್ಮ. “ನಮ್ ಗೇಟೊಳಗೆ ಇವತ್ತಿನಗಂಟ ಒಂದು ಎಕ್ಕಡ ಕಳ್ದಿಲ್ಲ ನೋಡು. ಆ ಪೀಣ್ಯದೋರೇ ಅಂಗೆ.”

ಸಂಗಣ್ಣ ನೆಟ್ಟಗೆ ಒಳಗೆ ಹೋಗಿ, ಹೆಂಡತಿ ಮಹಾದೇವಿಯ ಮುಂದೆ ನಿಂತು, ಬೀಗಕ್ಕೆ ಕೀಲಿ ಎನ್ನುವ ತನ್ನ ಊರ ಮಾತಿನಲ್ಲಿ ಘೋಷಿಸಿದ.

“ಏ ಮಾದೇವಿ, ನಾನ ಒಂದು ಕೀಲಿ ಮಾಡ್ತೀನಿ. ಅಂಗಡಿ ಕೀಲಿ ಅಂದ್ರ ಕಳ್ಳಗ ನಾವ ಬಾಗಲಾ ತಗದು ಕೊಟ್ಟಂಗ. ನಾ ಮಾಡೋ ಕೀಲಿ ತಗಿಯೋ ಗಂಡಸು ಬೆಂಗಳೂರಾಗ ಹುಟ್ಟಿರಬಾರದು.”

ಮಹಾದೇವಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಕೀಲಿ ಹಾಕಿದ್ರ ಸೀಟ್ ಹೆಂಗ ಉಳಿತೈತ್ರಿ?” ಎಂದು ಕೇಳಿದಳು.

ಇದು ಬಹಳ ಸರಿಯಾದ ಪ್ರಶ್ನೆ. ಆದ್ದರಿಂದಲೇ ಸಂಗಣ್ಣನಿಗೆ ಇನ್ನೂ ಸಿಟ್ಟು ಬಂತು. “ಇವತ್ತ ಸೀಟು, ನಾಳೆ ಸೈಕಲ್ಲು! ತಿಳಿಯೂದಿಲ್ಲೇನು ನಿನಗ?” ಎಂದು ಗುಡುಗಿ ಕೈಕಾಲು ತೊಳೆಯಲು ಹೋದ.

ಮಾರನೆಯ ದಿನದಿಂದಲೇ ಕೆಲಸ ಶುರುವಾಯಿತು. ಸಂಗಣ್ಣ ದುಡಿಯುತ್ತಿದ್ದದ್ದು ದೇವರಾಜ್ ಎಂಬವರ ಸಣ್ಣ ವರ್ಕ್‌ಶಾಪಿನಲ್ಲಿ. ಅಲ್ಲಿ ಅವನು ಹಿರಿಯ ಟರ್ನರ್. ಉಕ್ಕನ್ನು ತಿರುಗಿಸಿ ಕಡಿಯುವ ಲೇತ್ ಮೆಷಿನ್ನಿನ ಮುಂದೆ ಅವನು ನಿಂತರೆ ದೇವರಾಜರೂ ಸ್ವಲ್ಪ ದೂರ ನಿಂತು ಮಾತಾಡುತ್ತಿದ್ದರು. ನಾಲ್ಕು ದಿನ ಊಟದ ಬಿಡುವನ್ನೆಲ್ಲ ಸುರಿದು, ತುಂಡು ಉಕ್ಕಿನಲ್ಲಿ ಅವನು ಒಂದು ಬೀಗ ಕಡಿದ. ಮುಕ್ಕಾಲು ಕೆಜಿ ತೂಕ. ಬೀಗದ ಕೈ ಗೇಣುದ್ದದ ತಿರುಪು. ತೂತಿನೊಳಗೆ ಇಟ್ಟು ಎಂಟು ಸುತ್ತು ತಿರುಗಿಸಿದರೆ ಬೀಗ ಬಾಯಿ ಬಿಡುತ್ತದೆ. ಆದರೆ ಗುಟ್ಟು ಇರುವುದು ತಿರುಗಿಸುವ ದಿಕ್ಕಿನಲ್ಲಿ. ಲೋಕದ ತಿರುಪುಗಳೆಲ್ಲ ಬಲಕ್ಕೆ ತಿರುಗಿಸಿದರೆ ಒಳಗೆ ಹೋಗುತ್ತವೆ. ಇದು ಎಡಕ್ಕೆ ತಿರುಗಿಸಿದರೆ ಮಾತ್ರ. ತಿರುಪಿನ ಹಲ್ಲಿಗೆ ಟರ್ನರುಗಳು ಥ್ರೆಡ್ ಎನ್ನುತ್ತಾರೆ; ಇದು ಲೆಫ್ಟ್ ಥ್ರೆಡ್. ತಿರುಪಿಗೂ ತೂತಿಗೂ ನಡುವೆ ಬಿಟ್ಟಿದ್ದ ಸಂದು ಐದು ಮೈಕ್ರಾನ್ ಎಂದು ಸಂಗಣ್ಣ ಹೇಳಿಕೊಂಡ. ತಲೆಗೂದಲನ್ನು ಉದ್ದಕ್ಕೆ ಹದಿನಾಲ್ಕು ಸೀಳು ಮಾಡಿದರೆ ಅದರಲ್ಲೊಂದು ಸೀಳು.

ಪಕ್ಕದ ಲೇತಿನಲ್ಲಿದ್ದ ಬಸಲಿಂಗ ಇದನ್ನೆಲ್ಲ ನೋಡುತ್ತಿದ್ದ. ಬಸಲಿಂಗ ಮಹಾದೇವಿಯ ಖಾಸಾ ತಮ್ಮ. ಆರು ವರ್ಷದ ಕೆಳಗೆ ಬಾಗಲಕೋಟೆ ಕಡೆಯ ತಮ್ಮ ಊರಿನಿಂದ ಅವನನ್ನು ಕರೆತಂದು, ಲೇತಿನ ಮುಂದೆ ನಿಲ್ಲಿಸಿ, ಕೆಲಸ ಕಲಿಸಿದವನು ಸಂಗಣ್ಣನೇ. ಅವತ್ತಿನಿಂದ ಬಸಲಿಂಗ ಏನೇ ಕಡಿದು ಕೊಟ್ಟರೂ ಸಂಗಣ್ಣ ಅದನ್ನು ಅಳೆದು, ಕಣ್ಣು ಕಿರಿದು ಮಾಡಿ, “ಬಸ್ಯಾ, ನಿನಗ ಕೆಲಸ ಬರೂದಿಲ್ಲ” ಎನ್ನುವುದು ವಾಡಿಕೆ. ಹೀಗೆ ಕೆಲಸ ಬಾರದ ಬಸಲಿಂಗನಿಗೆ ಊರಿನ ಇನ್ನೊಂದು ತುದಿಯ ಹೂಡಿಯ ಹತ್ತಿರದ ದೊಡ್ಡ ಕಂಪನಿಯೊಂದು ಪರೀಕ್ಷೆ ಮಾಡಿ ಕೆಲಸ ಕೊಟ್ಟಿತ್ತು. ದಸರಾ ಮುಗಿದ ಸೋಮವಾರ ಸೇರಬೇಕು. ಎಲ್ಲ ಕಾಗದವೂ ಆಗಿ, ಈತ ಒಳ್ಳೆಯ ನಡತೆಯವನು ಎಂದು ಪೊಲೀಸರು ಬರೆದು ಕೊಡಬೇಕಾದ ವೆರಿಫಿಕೇಶನ್ ಪತ್ರವೊಂದು ಬಾಕಿಯಿತ್ತು. ಅದಿಲ್ಲದೆ ಕಂಪನಿಯ ಗೇಟಿನೊಳಗೆ ಕಾಲಿಡುವ ಹಾಗಿಲ್ಲ.

“ಮಾಮಾ, ಚಾವಿ ಕಳದ್ರ ಏನ್ ಮಾಡ್ತಿ?” ಎಂದು ಬಸಲಿಂಗ ಕೇಳಿದ.

“ಕಳಿಯೂದಿಲ್ಲ” ಎಂದ ಸಂಗಣ್ಣ. ಅಂಗಿ ಎತ್ತಿ, ಮದುವೆಯಲ್ಲಿ ಅವನವ್ವ ಸೊಂಟಕ್ಕೆ ಕಟ್ಟಿದ್ದ ಉಡದಾರವನ್ನು ತೋರಿಸಿದ. ಬೀಗದ ಕೈಯ ತುದಿಗೆ ಒಂದು ಉಕ್ಕಿನ ಬಳೆ ಹಾಕಿ, ಬಳೆಯನ್ನು ಉಡದಾರಕ್ಕೆ ಕೋದು, ಬಳೆಯ ಬಾಯಿಗೆ ಬೆಸುಗೆ ಹಾಕಿಬಿಟ್ಟಿದ್ದ. ಹೊಟ್ಟೆ ಸುಡದಂತೆ ಒದ್ದೆ ಗೋಣಿ ಇಟ್ಟುಕೊಂಡು ಆ ಕೆಲಸವನ್ನು ಅವನೇ ಮಾಡಿಕೊಂಡಿದ್ದ. “ಇನ್ನ ನನ್ನನ್ನ ಕದ್ದ್ರ ಮಾತ್ರ ಚಾವಿ ಹೋಗಬೇಕು.”

ಇದರಿಂದ ಒಂದು ಸಣ್ಣ ತೊಂದರೆಯಾಯಿತು. ಬೀಗ ಇರುವುದು ಮುಂದಿನ ಚಕ್ರಕ್ಕೆ ಸುತ್ತಿದ ಸರಪಳಿಯಲ್ಲಿ. ಬೀಗದ ಕೈ ಇರುವುದು ಸೊಂಟದಲ್ಲಿ. ಎರಡೂ ಸೇರಬೇಕಾದರೆ ಸಂಗಣ್ಣ ನೆಲಕ್ಕೆ ಕುಕ್ಕರಗಾಲಲ್ಲಿ ಕೂತು, ಚಕ್ರವನ್ನು ಎರಡೂ ಕೈಯಲ್ಲಿ ಬಾಚಿ, ಹೊಟ್ಟೆಯನ್ನು ಕಡ್ಡಿಗಳಿಗೆ ಒತ್ತಿಕೊಂಡು, ಉಸಿರು ಹಿಡಿದು ಎಂಟು ಸುತ್ತು ತಿರುಗಿಸಬೇಕಾಗಿತ್ತು. ದಿನಾ ಬೆಳಿಗ್ಗೆ ಏಳೂವರೆಗೆ ವಠಾರದ ಹೆಂಗಸರು ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದು ನಿಲ್ಲತೊಡಗಿದರು. “ಊರಿಗೆ ಹೊರಟೋಳನ್ನ ತಬ್ಕೊಂಡಂಗೆ ತಬ್ಕೊತಾನೆ ನೋಡ್ರೇ” ಎಂದು ಕೃಷ್ಣಮ್ಮ ನಗುತ್ತಿದ್ದಳು. ಸಂಗಣ್ಣ ಅದನ್ನು ಹೊಟ್ಟೆಕಿಚ್ಚಿನ ಲೆಕ್ಕಕ್ಕೆ ಹಾಕಿದ. ಸೀಟಿನ ಜಾಗಕ್ಕೆ ಗೋಣಿ ಸುತ್ತಿದ ಹಲಗೆ ಕಟ್ಟಿದ್ದ. ಅದನ್ನು ಯಾರೂ ಕದಿಯಲಿಲ್ಲ. ತನ್ನ ಬೀಗದ ಪ್ರಭಾವವೇ ಇದು ಎಂದು ಅವನು ಎಲ್ಲರಿಗೂ ತಿಳಿಸಿದ.

ಆಯುಧ ಪೂಜೆ ಬಂತು. ಪೀಣ್ಯದವರಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಹಿಂದಿನ ದಿನ ಮೆಷಿನ್ನುಗಳನ್ನೆಲ್ಲ ತೊಳೆದು, ಒರೆಸಿ, ಹಸಿರು ಬಣ್ಣ ಹೊಡೆಯುತ್ತಾರೆ. ಆ ಕೆಲಸಕ್ಕೆ ಬಸಲಿಂಗ ನಿಂತ. ದೇವರಾಜರು ಸಂಗಣ್ಣನನ್ನು ಟೆಂಪೋದಲ್ಲಿ ಕೂರಿಸಿಕೊಂಡು ಬೂದುಗುಂಬಳ, ಬಾಳೆಕಂಬ, ಚೆಂಡು ಹೂವು ತರಲು ಮಾರ್ಕೆಟ್ಟಿಗೆ ಹೋದರು. ಸೈಕಲ್ ವರ್ಕ್‌ಶಾಪಿನಲ್ಲೇ ಉಳಿಯಿತು. ವಾಪಸು ಬರುವಾಗ ರಸ್ತೆಯಲ್ಲಿ ಇಡೀ ಬೆಂಗಳೂರೇ ಕುಂಬಳಕಾಯಿ ಹೊತ್ತು ನಿಂತಿತ್ತು. ತಡವಾಯಿತೆಂದು ಸಂಗಣ್ಣ ಲಗ್ಗೆರೆಯಲ್ಲೇ ಇಳಿದು ಮನೆಗೆ ಹೋದ.

ನವಮಿಯ ಬೆಳಿಗ್ಗೆ ಅವನು ಇಸ್ತ್ರಿ ಅಂಗಿ ತೊಟ್ಟು ನಡೆದುಕೊಂಡು ವರ್ಕ್‌ಶಾಪಿಗೆ ಬಂದ. ಮೆಷಿನ್ನುಗಳೆಲ್ಲ ಹಸಿರಾಗಿ ಹೊಳೆಯುತ್ತಿದ್ದವು. ಹೊರಗೆ ದೇವರಾಜರ ಕಾರು, ಟೆಂಪೋ, ಕೆಲಸಗಾರರ ಬೈಕು ಸ್ಕೂಟರುಗಳು ಹೂವು ಮುಡಿದು ಸಾಲಾಗಿ ನಿಂತಿದ್ದವು. ಸಾಲಿನ ಕೊನೆಯಲ್ಲಿ ಒಂದು ಹೊಸ ಹಸಿರು ಸೈಕಲ್ಲಿತ್ತು. ಮಿರಮಿರ ಮಿಂಚುವ ಬೆಲ್ಲು, ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆಯದ ಸೀಟು, ಎರಡೂ ಮಡ್‌ಗಾರ್ಡು, ಮುಂದಿನ ಚಕ್ರದ ತುಂಬ ಮೊಳದಪ್ಪ ಚೆಂಡು ಹೂವಿನ ಹಾರ. ಮಂಗಳಾರತಿ ತಟ್ಟೆ ಸಂಗಣ್ಣನ ಕೈಗೆ ಬಂದಾಗ ಅವನು ಎಲ್ಲ ಗಾಡಿಗಳಿಗೂ ಬೆಳಗಿ, ಆ ಸೈಕಲ್ಲಿನ ಮುಂದೆ ಮಾತ್ರ ಸ್ವಲ್ಪ ಹೊತ್ತು ನಿಂತ. ಎರಡು ಬೆರಳಿನಿಂದ ಸೀಟನ್ನು ಒತ್ತಿ ನೋಡಿದ. ಮೆತ್ತಗಿತ್ತು.

“ಯಾರದಪಾ ಇದು? ಪುಣ್ಯಾತ್ಮ” ಎಂದು ನಿಟ್ಟುಸಿರು ಬಿಟ್ಟು, ಹ್ಯಾಂಡಲ್ಲಿಗೆ ಕುಂಕುಮ ಇಟ್ಟು, ತನ್ನ ಬಡ ಸೈಕಲ್ಲಿಗೂ ಎರಡು ಹೂವು ಏರಿಸೋಣವೆಂದು ಶೆಡ್ಡಿನ ಮೂಲೆಗೆ ಹೋದ.

ಮೂಲೆ ಖಾಲಿಯಾಗಿತ್ತು.

ಅಲ್ಲಿಂದ ಹೊರಟ ಕೂಗಿಗೆ ಪೂಜಾರಿಯ ಮಂತ್ರ ಅರ್ಧಕ್ಕೆ ನಿಂತಿತು. ಹನ್ನೆರಡು ಮಂದಿ ಓಡಿ ಬಂದರು. ಬಸಲಿಂಗ ಎಲ್ಲರಿಗಿಂತ ಹಿಂದೆ, ಕೈಯಲ್ಲಿ ಕಡ್ಲೆಪುರಿ ತಟ್ಟೆ ಹಿಡಿದು, ತುಟಿಯಲ್ಲಿ ನಗು ಅದುಮಿಕೊಂಡು ಬಂದ. ಅವನು ಏನೋ ಹೇಳಲು ಬಾಯಿ ತೆರೆದದ್ದೂ ನಿಜ. ಆದರೆ ಸಂಗಣ್ಣನ ಬಾಯಿ ಮೊದಲೇ ತೆರೆದಿತ್ತು.

“ಸೈಕಲ್ ಹೋಗಿದ್ದಕ್ಕ ನನಗ ದುಃಖಿಲ್ಲ! ನನ್ನ ಕೀಲಿ ತಗದಾರಲ್ಲ, ಅದು ನನಗ ಬೆಂಕಿ ಹಚ್ಚೈತಿ!” ಎಂದು ಅವನು ಎದೆ ಬಡಿದುಕೊಂಡ. “ಈ ಕೀಲಿ ತಗೀಬೇಕಂದ್ರ ಲೆಫ್ಟ್ ಥ್ರೆಡ್ ಅಂತ ಗೊತ್ತಿರಬೇಕು. ಐದು ಮೈಕ್ರಾನಿನಾಗ ಥ್ರೆಡ್ ಕಡಿಯೋ ಕೈ ಇರಬೇಕು. ಇಡೀ ಪೀಣ್ಯದಾಗ ಅಂಥಾ ಕೈ ಎರಡ ಅದಾವ. ಒಂದು ನಂದು!”

ಎಲ್ಲರೂ ನಿಧಾನವಾಗಿ ಬಸಲಿಂಗನ ಕಡೆ ತಿರುಗಿದರು. ಬಸಲಿಂಗನ ತುಟಿಯ ನಗು ಅಲ್ಲೇ ಆರಿತು. ಪುರಿ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟ.

“ಆರು ವರ್ಷ ಆತು ಮಾಮಾ” ಎಂದ. “ಒಂದು ದಿನ ಚೊಲೊ ಮಾಡಿ ಅಂದಿಲ್ಲ. ಇವತ್ತ ಕಳ್ಳ ಆದ ಮ್ಯಾಲೆ ಕೆಲಸಗಾರ ಆದ್ನೇನು ನಾನು?”

“ಮಾತು ತಿರುವಬ್ಯಾಡ! ತಗದೀಯೋ ಇಲ್ಲೋ ಹೇಳು.”

“ಹೇಳೂದಿಲ್ಲ” ಎಂದು ಬಸಲಿಂಗ ಬಾಯಿ ಮುಚ್ಚಿಕೊಂಡ. ಅವನು ಮುಚ್ಚಿದ ಬಾಯಿಯನ್ನು ದೇವರಾಜರು “ಹಬ್ಬದ ದಿನ ಕಣ್ರಯ್ಯಾ, ರಾಜಿ ಆಗ್ರಯ್ಯಾ” ಎಂದು ಅಂಗಲಾಚಿದರೂ ತೆರೆಯಲಿಲ್ಲ. ಸಂಗಣ್ಣ ಹಣೆಯ ಕುಂಕುಮ ಕೂಡ ಒರೆಸಿಕೊಳ್ಳದೆ ನೆಟ್ಟಗೆ ಪೊಲೀಸ್ ಸ್ಟೇಷನ್ನಿಗೆ ಹೋದ.

ಸ್ಟೇಷನ್ನಿನಲ್ಲಿಯೂ ಆಯುಧ ಪೂಜೆ ಮುಗಿದಿತ್ತು. ಹೆಡ್ ಕಾನ್‌ಸ್ಟೆಬಲ್ ಚಿಕ್ಕಬೈರಪ್ಪ ಹೂವು ಮುಡಿದ ಜೀಪಿಗೆ ಬೆನ್ನು ಕೊಟ್ಟು ಕುರ್ಚಿ, ಮೇಜು ಹಾಕಿಕೊಂಡು ಬೂಂದಿ ತಿನ್ನುತ್ತಿದ್ದರು. ಇನ್ನೊಂದು ತುತ್ತು ಬಾಯಿಗೆ ಹಾಕಿಕೊಂಡು ಕಾಗದ ತೆಗೆದರು.

“ಸೈಕಲ್ಲಾ? ಯೋಳು. ಬೆಲ್ಲಿತ್ತಾ?”

“ಇಲ್ರಿ.”

“ಸೀಟು?”

“ಅದೂ ಇರಲಿಲ್ರಿ. ಹಲಗಿ ಇತ್ರಿ.”

“ಮಡ್‌ಗಾರ್ಡು?”

“ಮುಂದಿಂದು ಇತ್ರಿ. ಹಿಂದಿಂದು ಇರಲಿಲ್ರಿ.”

ಚಿಕ್ಕಬೈರಪ್ಪ ಪೆನ್ನು ಎತ್ತಿದರು. “ಅಲ್ಲಯ್ಯ, ಅದ್ರಾಗೆ ಕಳಿಯಾಕೆ ಇನ್ನೇನ್ ಉಳ್ದಿತ್ತು?”

“ಕೀಲಿ, ಸಾಹೇಬ್ರ, ಕೀಲಿ!” ಎಂದು ಸಂಗಣ್ಣ ಮೇಜು ಗುದ್ದಿ, ಅಂಗಿ ಎತ್ತಿ, ಉಡದಾರ ತೋರಿಸಿ, ಐದು ಮೈಕ್ರಾನಿನ ವಿಷಯವನ್ನು ಮೊದಲಿನಿಂದ ವಿವರಿಸಿದ. ಬೂಂದಿ ಮುಗಿಯಿತು. ವಿವರಣೆ ಮುಗಿಯಲಿಲ್ಲ. ಕೊನೆಗೆ ಚಿಕ್ಕಬೈರಪ್ಪ ಕೈಯೆತ್ತಿ ತಡೆದು, ಕಾಗದದ ಕೊನೆಯ ಪ್ರಶ್ನೆ ಓದಿದರು.

“ಯಾರ ಮೇಲಾದ್ರೂ ಅನುಮಾನ ಐತಾ?”

ಸಂಗಣ್ಣ ಹೆಸರು ಹೇಳಿದ. ಚಿಕ್ಕಬೈರಪ್ಪ ಬರೆದುಕೊಂಡು ಹಣೆ ಸುಕ್ಕು ಮಾಡಿದರು. “ಬಸಲಿಂಗ... ಈ ಎಸ್ರು ಎಲ್ಲೋ ನೋಡಿವ್ನಲ್ಲ.” ಪಕ್ಕದ ಕಟ್ಟು ಬಿಚ್ಚಿ ಒಂದು ಹಾಳೆ ಎಳೆದರು. “ನೋಡಪ್ಪ, ಇವನ್ದೇ ವೆರಿಫಿಕೇಶನ್ನು. ನಡತೆ ಎಂಗೈತೆ ಅಂತ ನಾನೇ ಬರೀಬೇಕು. ಸೋಮವಾರ ಕೆಲಸಕ್ಕೆ ಸೇರ್ಬೇಕಂತೆ. ಏನಂತ ಬರೀಲಿ?”

ಸಂಗಣ್ಣ ಬಗ್ಗಿ ಹಾಳೆಯ ಮೇಲಿನ ಹೆಸರನ್ನು ಎರಡು ಸಲ ಓದಿದ. ಆದರೆ ಸಿಟ್ಟು ಇನ್ನೂ ಬಿಸಿಯಾಗಿತ್ತು. ಇಳಿಯಲು ಅದಕ್ಕೆ ದಾರಿ ಗೊತ್ತಿರಲಿಲ್ಲ. “ನೀವ ಬಂದು ಜಾಗಾ ನೋಡಿ ಬರೀರಿ ಸಾಹೇಬ್ರ” ಎಂದ. ಚಿಕ್ಕಬೈರಪ್ಪ ದೂರಿನ ಕಾಗದವನ್ನೂ ನಡತೆಯ ಕಾಗದವನ್ನೂ ಒಂದೇ ಗುಂಡುಪಿನ್ನಿನಿಂದ ಚುಚ್ಚಿ ಜೇಬಿಗಿಟ್ಟರು.

ಸುದ್ದಿ ಸಂಗಣ್ಣನಿಗಿಂತ ಮೊದಲೇ ಮನೆ ತಲುಪಿತ್ತು. ಮಹಾದೇವಿ ಬಾಗಿಲ ಹೊರಗೆ, ನಲ್ಲಿಯ ಪಕ್ಕದಲ್ಲಿ ತಟ್ಟೆ ಇಟ್ಟು ಹೋಳಿಗೆ ಹಾಕಿದ್ದಳು.

“ತುಪ್ಪ?” ಎಂದ ಸಂಗಣ್ಣ.

“ನಿಮ್ಮ ಕೀಲಿಗೆ ಕೇಳ್ರಿ, ಬಡಸ್ತೈತಿ” ಎಂದು ಅವಳು ಬಾಗಿಲು ಹಾಕಿಕೊಂಡಳು. ಅದೇ ಕೊನೆ. ಆಮೇಲೆ ಅವಳ ಬಾಯಿಂದ ಒಂದು ಅಕ್ಷರವೂ ಬರಲಿಲ್ಲ.

ಮಾರನೆಯ ದಿನ ವಿಜಯದಶಮಿ. ಉತ್ತರ ಕರ್ನಾಟಕದವರು ಅವತ್ತು ಬನ್ನಿ ಎಲೆ ಕೊಟ್ಟು, ಬಂಗಾರದಂಗ ಇರೋಣು ಎಂದು ಕೈ ಮುಗಿದು ಹಳೆಯ ಜಗಳ ಮುಗಿಸುತ್ತಾರೆ. ಬೆಳಿಗ್ಗೆಯೇ ಬಸಲಿಂಗ ಬನ್ನಿ ಹಿಡಿದು ವಠಾರಕ್ಕೆ ಬಂದ. ಒಂದನೇ ಮನೆಗೆ ಕೊಟ್ಟ. ಎರಡಕ್ಕೆ ಕೊಟ್ಟ. ನಾಲ್ಕರ ತನಕ ಕೊಟ್ಟ. ಐದನೇ ಮನೆಯ ಹೊಸ್ತಿಲಲ್ಲಿ ಅಕ್ಕನಿಗೆ ಮಾತ್ರ ಕೊಟ್ಟು, ಪಕ್ಕದಲ್ಲೇ ಕೈ ಚಾಚಿ ನಿಂತಿದ್ದ ಸಂಗಣ್ಣನನ್ನು ಗೋಡೆ ದಾಟಿದ ಹಾಗೆ ದಾಟಿ ಆರಕ್ಕೆ ಹೋದ. ಕೃಷ್ಣಮ್ಮನಿಗೆ ಈ ಪದ್ಧತಿ ಗೊತ್ತಿರದಿದ್ದರೂ ಅವಮಾನ ಯಾವ ಊರಿನದಾದರೂ ಅವಳಿಗೆ ಅರ್ಥವಾಗುತ್ತಿತ್ತು. “ಅಯ್ಯೋ, ಎಲೆ ಸೈತ ಕೊಡ್ಲಿಲ್ವಲ್ಲಪ್ಪ ನಿಂಗೆ” ಎಂದು ಎಂಟು ಮನೆಗೂ ಕೇಳುವ ಹಾಗೆ ಮರುಗಿದಳು.

ಹತ್ತೂವರೆಗೆ ಚಿಕ್ಕಬೈರಪ್ಪ ಜಾಗ ನೋಡಿ ಮಹಜರು ಬರೆಯಲು ವರ್ಕ್‌ಶಾಪಿಗೆ ಬಂದರು. ದೇವರಾಜರು ಕುರ್ಚಿ ಹಾಕಿ ಬೂಂದಿ ಪೊಟ್ಟಣ ಕೊಟ್ಟರು. ತಮ್ಮನನ್ನು ಪೊಲೀಸರು ಎಳೆದುಕೊಂಡು ಹೋದರೆ ಬಿಡಿಸಿಕೊಳ್ಳಲೆಂದು ಮಹಾದೇವಿಯೂ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದು ನಿಂತಿದ್ದಳು. ಪೂಜೆ ಇನ್ನೂ ಕದಲಿಸಿರಲಿಲ್ಲ; ಹನ್ನೆರಡರ ಮೇಲೆ ಪೂಜಾರಿ ಬಂದು ಕದಲಿಸುವವರೆಗೆ ಯಾವ ಮೆಷಿನ್ನನ್ನೂ, ಸುತ್ತಿಗೆಯನ್ನೂ ಮುಟ್ಟುವ ಹಾಗಿರಲಿಲ್ಲ.

ಚಿಕ್ಕಬೈರಪ್ಪ ಖಾಲಿ ಮೂಲೆ ನೋಡಿದರು. ಹೊರಗೆ ಬಂದರು. ಗಾಡಿಗಳನ್ನು ಬೆರಳು ಮಾಡಿ ಒಂದೊಂದಾಗಿ ಕೇಳುತ್ತಾ ಹೋದರು. ಕಾರು ದೇವರಾಜರದು. ಟೆಂಪೋ ದೇವರಾಜರದು. ಬೈಕುಗಳಿಗೆಲ್ಲ ಯಜಮಾನರು ಸಿಕ್ಕಿದರು. ಕೊನೆಗೆ ಹಸಿರು ಸೈಕಲ್ಲಿನ ಹತ್ತಿರ ನಿಂತರು.

“ಇದ್ಯಾರ್ದು?”

ಬಸಲಿಂಗ ಆಕಾಶ ನೋಡುತ್ತಿದ್ದ.

“ಒಂದು ಸೈಕಲ್ಲು ಕಳ್ದೈತೆ. ಒಂದು ಸೈಕಲ್ಲು ಜಾಸ್ತಿ ಐತೆ” ಎಂದರು ಚಿಕ್ಕಬೈರಪ್ಪ. ಮೂವತ್ತು ವರ್ಷದ ಸರ್ವಿಸಿನಲ್ಲಿ ಇಷ್ಟು ಸಲೀಸಾದ ಕೇಸು ಅವರಿಗೆ ಸಿಕ್ಕಿರಲಿಲ್ಲ. ಲಾಠಿಯ ತುದಿಯಿಂದ ಚೆಂಡು ಹೂವಿನ ಹಾರ ಸರಿಸಿದರು. ಕೆಳಗೆ ಹಸಿರು ಬಳಿದ ಒಂದು ದಪ್ಪ ಬೀಗ ತೂಗುತ್ತಿತ್ತು. “ಏನಯ್ಯ, ನಿನ್ ಬೀಗದ ಕೈ ಇದಕ್ಕೆ ಹಾಕು.”

ಸಂಗಣ್ಣನ ಮುಖ ಕೆಂಪಾಯಿತು. “ಯಾರದೋ ಹೊಸಾ ಸೈಕಲ್ಲಿಗೆ ನನ್ನ ಚಾವಿ ಹಾಕೂದೇನ್ರಿ? ನನ್ನ ಸೈಕಲ್ ಕರಿ ಬಣ್ಣದ್ದು. ಹಲಗಿ ಸೀಟಿಂದು. ನನ್ನ ಕೀಲಿ ಬೆಳ್ಳಿ ಹಂಗ ಹೊಳೀತಿತ್ತು!”

“ಆಕು ಅಂದ್ರೆ ಆಕು.”

ಅವನು ಕುಕ್ಕರಗಾಲಲ್ಲಿ ಕೂತು, ಚಕ್ರ ತಬ್ಬಿ, ಹೊಟ್ಟೆ ಒತ್ತಿ, ಬೀಗದ ಕೈ ಇಟ್ಟ. ಹೋಗಲಿಲ್ಲ. “ನೋಡಿದ್ರಿ?” ಎಂದು ಕತ್ತು ತಿರುಗಿಸಿ ಜಯಘೋಷ ಮಾಡಿದ. “ಹೋಗೂದಿಲ್ಲ! ಇದು ನಂದಲ್ಲ! ಬೇಕಾದ್ರ ಜೋರ್ ಹಾಕಿ ತೋರಿಸ್ತೀನಿ, ಆದ್ರೂ ಹೋಗೂದಿಲ್ಲ!”

“ಮಾಮಾ, ಜೋರ್ ಹಾಕಬ್ಯಾಡ!” ಎಂದು ಬಸಲಿಂಗ ಕೂಗಿದ. ನಿನ್ನೆಯಿಂದ ಹೊಲಿದಿಟ್ಟ ಬಾಯಿ ಒಳ್ಳೆಯ ಥ್ರೆಡ್ ಹಾಳಾಗುವುದನ್ನು ನೋಡಿ ತಾನಾಗಿ ಬಿಚ್ಚಿಕೊಂಡಿತ್ತು. “ಒಳಗ ಬಣ್ಣ ಹೋಗೈತಿ!”

ಅಷ್ಟರಲ್ಲಿ ಸಂಗಣ್ಣ ಹಲ್ಲು ಕಚ್ಚಿ ತಿರುಗಿಸಿಯಾಗಿತ್ತು. ಎಡಕ್ಕೆ. ಬೀಗದ ಕೈ ಕಿರ್ರೆಂದು ಎರಡು ಸುತ್ತು ಒಳಗೆ ಹೋಗಿ ಅಲ್ಲೇ ಕಚ್ಚಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಎಡಕ್ಕೆ ತಿರುಗಿಸಿದರೆ ಕಚ್ಚುವ ಬೀಗ ಈ ಲೋಕದಲ್ಲಿ ಒಂದೇ ಒಂದಿತ್ತು. ಅವನು ತಲೆಯೆತ್ತಿ ಬೆಲ್ಲು ನೋಡಿದ, ಸೀಟು ನೋಡಿದ, ಹ್ಯಾಂಡಲ್ಲಿನ ಮೇಲೆ ತಾನೇ ಇಟ್ಟ ಕುಂಕುಮ ನೋಡಿದ.

“ಇದು ನಂದ ಐತಿ” ಎಂದ, ಬಹಳ ಸಣ್ಣ ದನಿಯಲ್ಲಿ. “ಯಾರ ಮಾಡ್ಯಾರಿದನ್ನ?”

“ನಿನ್ನ ಕಳ್ಳ” ಎಂದ ಬಸಲಿಂಗ. “ಸೋಮವಾರ ನಿನ್ನ ಬಿಟ್ಟು ಹೋಗವ ಇದ್ದೀನಲ್ಲ, ಅದಕ್ಕ ಹೊಸಾದು ಮಾಡಿದೆ. ಆರತಿ ಆದ ಮ್ಯಾಲೆ ಹೇಳೋಣು ಅಂತಿದ್ದೆ. ನೀ ಬಾಯಿ ಬಿಡಾಕ ಕೊಡಲಿಲ್ಲ.”

ಸಂಗಣ್ಣ ತಟ್ಟನೆ ಏಳಲು ನೋಡಿದ. ಸೈಕಲ್ಲೂ ಅವನ ಜೊತೆಗೆ ಮುಂಗಾಲೆತ್ತಿತು. ಉಡದಾರ ಬಿಗಿದು ಉಸಿರು ಸಿಕ್ಕಿಕೊಂಡಿತು. ಮತ್ತೆ ಕುಕ್ಕರಿಸಿದ.

“ದಾರ ತಾನೇ, ಕತ್ರಿಸಿ ಬಿಸಾಕ್ರಿ” ಎಂದರು ಚಿಕ್ಕಬೈರಪ್ಪ. ದೇವರಾಜರು ಬಾಳೆಕಂಬ ಕಡಿದ ಕತ್ತಿ ತಂದರು.

“ಉಡದಾರಕ್ಕ ಕತ್ತಿ ಹಚ್ಚಿದ್ರ ನೋಡ್ರಿ!” ಎಂದು ಮಹಾದೇವಿ ಚೀರಿಕೊಂಡು ನಡುವೆ ನುಗ್ಗಿದಳು. “ನನ್ನ ಗಂಡ ಇನ್ನಾ ಜೀವಂತ ಅದಾನ!” ಅವಳ ಕಡೆಯಲ್ಲಿ ಗಂಡಸಿನ ಉಡದಾರ ಹರಿಯುವುದು ಅವನನ್ನು ಮಣ್ಣಿಗೆ ಒಯ್ಯುವ ದಿನ ಮಾತ್ರ. ಒಂದು ಇಡೀ ದಿನದ ಮೌನ ಮುರಿದು ಹೆಂಡತಿ ಆಡಿದ ಮೊದಲ ಮಾತು ಇಷ್ಟು ಒಳ್ಳೆಯದಾಗಿರುತ್ತದೆ ಎಂದು ಸಂಗಣ್ಣ ನಿರೀಕ್ಷಿಸಿರಲಿಲ್ಲ. ಅವನಿಗೆ ಕಣ್ಣಲ್ಲಿ ನೀರು ಬಂತು. ಸ್ವಲ್ಪ ಪ್ರೀತಿಗೆ, ಹೆಚ್ಚಾಗಿ ಸೊಂಟದ ನೋವಿಗೆ.

“ಗ್ರೈಂಡರ್ ಹಾಕೋಣ ಅಂದ್ರೆ ಪೂಜೆ ಕದಲಿಸಿಲ್ಲ” ಎಂದು ದೇವರಾಜರು ಕೈ ಹಿಸುಕಿಕೊಂಡರು. “ಹನ್ನೆರಡು ಗಂಟೆವರೆಗೂ ಹಿಂಗೇ ಕೂತಿರು ಸಂಗಣ್ಣ. ಕಾಫಿ ತರಿಸ್ಲಾ?”

ಉಳಿದ ದಾರಿ ಒಂದೇ. ಸಂಗಣ್ಣ ಕಡ್ಡಿಗಳ ನಡುವಿನಿಂದ ಭಾವಮೈದುನನನ್ನು ನೋಡಿದ. “ಏ ಬಸ್ಯಾ, ಥಿನ್ನರ್ ಹಾಕಿ ಬಿಡಸೋ.”

ಬಸಲಿಂಗ ಕೈ ಕಟ್ಟಿ ನಿಂತ. “ನನಗೆಲ್ಲಿ ಆಗತೈತಿ ಮಾಮಾ? ನನಗ ಕೆಲಸ ಬರೂದಿಲ್ಲಲ್ಲ.”

ಬಿಸಿಲು ಏರಿತು. ಸಂಗಣ್ಣ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ.

“ಬರ್ತೈತಿ” ಎಂದ ಕೊನೆಗೆ.

“ಏನು?”

“ಕೆಲಸ.”

“ಯಾರಿಗೆ?”

“ನಿನಗ, ನಿನಗ! ನನ್ನಷ್ಟ ಬರ್ತೈತಿ, ಸಾಕೇನು?”

ಬಸಲಿಂಗ ಚಿಕ್ಕಬೈರಪ್ಪನವರ ಕಡೆ ತಿರುಗಿದ. “ಸಾಹೇಬ್ರ, ಕೇಳಿಸ್ತಿಲ್ರಿ?”

“ಕೇಳ್ಸ್ತು” ಎಂದು ಅವರು ಆಗಲೇ ಮಹಜರಿನಲ್ಲಿ ಬರೆಯುತ್ತಿದ್ದರು. ಬರೆದದ್ದನ್ನು ಗಟ್ಟಿಯಾಗಿ ಓದಿದರು: “ಸದರಿ ಬಸಲಿಂಗನಿಗೆ ಕೆಲಸ ಬರುತ್ತದೆಂದು ಫಿರ್ಯಾದುದಾರರು ಸ್ಥಳದಲ್ಲಿ ಕೂತ ಭಂಗಿಯಲ್ಲೇ ಒಪ್ಪಿರುತ್ತಾರೆ.”

ಬಸಲಿಂಗ ಬಣ್ಣ ಕರಗಿಸುವ ಥಿನ್ನರ್ ಡಬ್ಬಿ ತಂದು ಬೀಗದ ತೂತಿಗೆ ಸುರಿದ. ಸುತ್ತಿಗೆಗಳೆಲ್ಲ ಪೂಜೆಗೆ ಕೂತಿದ್ದರಿಂದ ಒಡೆಯದೆ ಉಳಿದಿದ್ದ ಒಂದು ತೆಂಗಿನಕಾಯಿ ತಂದು, ಬೀಗದ ಸುತ್ತ ಕಿವಿಗೊಟ್ಟು ಮೆಲ್ಲಗೆ ತಟ್ಟಿದ. ಏಳನೆಯ ಏಟಿಗೆ ಕಾಯಿ ಒಡೆದು ನೀರೆಲ್ಲ ಸಂಗಣ್ಣನ ಇಸ್ತ್ರಿ ಅಂಗಿಗೆ ಇಳಿಯಿತು. ಅದೇ ಏಟಿಗೆ ಬೀಗದ ಕೈಯೂ ಸಡಿಲಾಯಿತು. ಸಂಗಣ್ಣ ಎದ್ದು ನಿಂತ. ನೆಟ್ಟಗಾಗಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಬೀಗದ ಕೈಯ ತಿರುಪು ಹಲ್ಲು ಉದುರಿದ ಮುದುಕನ ಬಾಯಾಗಿತ್ತು.

“ಇನ್ನ ಆ ಬೀಗ ತಗಿಯೋರ್ಯಾರು?” ಎಂದರು ಚಿಕ್ಕಬೈರಪ್ಪ.

ಬಸಲಿಂಗ ತನ್ನ ಅಂಗಿ ಎತ್ತಿದ. ಅವನ ಉಡದಾರದಲ್ಲೂ ಒಂದು ಗೇಣುದ್ದದ ತಿರುಪು ತೂಗುತ್ತಿತ್ತು. ಸಂಗಣ್ಣನದಕ್ಕಿಂತ ಹೊಳಪಾಗಿತ್ತು. ಇದಕ್ಕೆ ಬೆಸುಗೆ ಇರಲಿಲ್ಲ, ಸಣ್ಣದೊಂದು ಕೊಕ್ಕೆ ಇತ್ತು. ಕೈಯಲ್ಲಿ ಬಿಚ್ಚಿಕೊಂಡು, ನಿಂತಲ್ಲಿಂದಲೇ ಬಗ್ಗಿ, ಎಂಟು ಸುತ್ತು ತಿರುಗಿಸಿದ. ಬೀಗ ಬಾಯಿ ಬಿಟ್ಟಿತು.

ಸಂಗಣ್ಣನ ಬಾಯಿಯೂ ಬಿಟ್ಟಿತು. “ಎಂದ ಮಾಡಿದಿ ಇದನ್ನ?”

“ನೀ ಕೀಲಿ ಮಾಡಿದ ಮರುದಿನ.”

“ನನಗ ನಾಕು ದಿನ ಹಿಡಿತಲ್ಲೋ!”

“ನನಗ ಅರ್ಧಾ ತಾಸು. ದಿನಾ ಸಂಜೀಕ ನಿನ್ನ ಸೈಕಲ್ ಮ್ಯಾಲ ಹೋಗಿ ಚಾ ಕುಡದು ಬರ್ತಿದ್ದೆ. ಹಲಗಿ ಭಾಳ ಚುಚ್ಚತಿತ್ತು, ಅದಕ್ಕ ಸೀಟ್ ಹಾಕಿಸೀನಿ.”

“ಸಾಹೇಬ್ರ!” ಎಂದು ಸಂಗಣ್ಣ ಗಂಟಲು ಹರಿಯುವ ಹಾಗೆ ಕೂಗಿದ. “ನಾ ಹೇಳಿರಲಿಲ್ಲೇನ್ರಿ? ನನ್ನ ಕೀಲಿ ತಗಿಯೋ ಕೈ ಇದೊಂದ ಅಂತ ಹೇಳಿರಲಿಲ್ಲೇನ್ರಿ? ಕಂಪ್ಲೇಂಟ್ ಖರೇ ಐತಿ! ಆ ಪೇಪರ್ ಹರೀಬ್ಯಾಡ್ರಿ!”

ಚಿಕ್ಕಬೈರಪ್ಪ ಅಷ್ಟರಲ್ಲಿ ಗುಂಡುಪಿನ್ನು ಕಿತ್ತು, ದೂರನ್ನು ನಾಲ್ಕು ಚೂರು ಮಾಡಿ, ಇನ್ನೊಂದು ಹಾಳೆಯನ್ನು ಹೊಸ ಸೀಟಿನ ಮೇಲಿಟ್ಟು ಸಹಿ ಹಾಕುತ್ತಿದ್ದರು. “ಒಳ್ಳೆ ನಡತೆ” ಎಂದು ಬರೆದು, ಯೋಚಿಸಿ, “ಒಳ್ಳೆ ಕೈ” ಎಂದೂ ಸೇರಿಸಿದರು. ಬಸಲಿಂಗ ಜೇಬಿನಿಂದ ಬಾಡಿಹೋದ ಒಂದು ಬನ್ನಿ ಎಲೆ ತೆಗೆದು ಸಂಗಣ್ಣನ ಅಂಗೈಗಿಟ್ಟು ಕೈ ಮುಗಿದ. ಸಂಗಣ್ಣ ಎಲೆಯನ್ನು ಕಿಸೆಗೆ ಹಾಕಿಕೊಂಡು, ಭಾವಮೈದುನನ ತಿರುಪನ್ನು ಕಸಿದು, ಉಗುರಿನಿಂದ ಅದರ ಥ್ರೆಡ್ಡನ್ನು ಉದ್ದಕ್ಕೂ ಸವರಿ ನೋಡಿದ. ಎರಡು ಸಲ ನೋಡಿದ. “ನಾಕು ಮೈಕ್ರಾನ್ ಇರಬೇಕು” ಎಂದು ಗೊಣಗಿ ವಾಪಸು ಕೊಟ್ಟ.

ಸೋಮವಾರ ಮುಂಜಾನೆ ಬಸಲಿಂಗ ಹೂಡಿಗೆ ಹೋದ. ತಿರುಪು ಹಾಳಾಗಿದ್ದರೂ ಹಿಂದಿನ ರಾತ್ರಿ ಸಂಗಣ್ಣ ರೂಢಿಯಂತೆ ಸೈಕಲ್ಲಿಗೆ ಬೀಗ ಒತ್ತಿ ಹಾಕಿದ್ದ. ಅವತ್ತು ಏಳೂವರೆಗೆ ಸಂಗಣ್ಣ ಕೆಲಸಕ್ಕೆ ಹೊರಡಲು ಬಾಗಿಲು ತೆರೆದು ನೋಡಿದರೆ ಸೈಕಲ್ಲಿತ್ತು, ಬೀಗವಿರಲಿಲ್ಲ. ಕೃಷ್ಣಮ್ಮನ ಗೇಟೊಳಗೆ ಮೊಟ್ಟಮೊದಲ ಕಳುವು! ವಠಾರವೆಲ್ಲ ಸೇರಿತು. ಸಂಗಣ್ಣ ಎಂಟಕ್ಕೆಲ್ಲ ಸ್ಟೇಷನ್ನಿನಲ್ಲಿದ್ದ.

“ಮತ್ತೇನಯ್ಯ?” ಎಂದರು ಚಿಕ್ಕಬೈರಪ್ಪ.

“ಕಳುವಾಗೈತ್ರಿ!”

“ಸೈಕಲ್ಲಾ?”

“ಐತ್ರಿ.”

“ಸೀಟು?”

“ಐತ್ರಿ. ಬೆಲ್ಲೂ ಐತ್ರಿ. ಸರಪಳಿ ಸುದ್ದಾ ಹ್ಯಾಂಡಲ್ಲಿಗೆ ನೀಟಾಗಿ ಸುತ್ತಿಟ್ಟಾರ. ಕೀಲಿ ಅಷ್ಟ ಹೋಗೈತ್ರಿ. ಒಡದಿಲ್ಲ, ಕೊಯ್ದಿಲ್ಲ, ತಗದು ಒಯ್ದಾರ!”

ಚಿಕ್ಕಬೈರಪ್ಪ ಪೆನ್ನಿನ ಮುಚ್ಚಳ ತೆಗೆದು, ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಕೇಳಿದರು. “ಯಾರ ಮೇಲಾದ್ರೂ ಅನುಮಾನ ಐತಾ?”

ಸಂಗಣ್ಣ ಬಾಯಿ ತೆರೆದ. ಹಲ್ಲುದುರಿದ ತಿರುಪು ಅಂಗಿಯೊಳಗೆ ಹೊಟ್ಟೆಗೆ ಚುಚ್ಚಿತು. ಆ ಬೀಗ ಈಗ ಯಾವ ಬಸ್ಸಿನಲ್ಲಿ, ಯಾರ ಚೀಲದಲ್ಲಿ, ಯಾವ ಬಟ್ಟೆಯಲ್ಲಿ ಜೋಪಾನವಾಗಿ ಸುತ್ತಿಕೊಂಡು ಹೂಡಿ ಕಡೆ ಹೋಗುತ್ತಿದೆ ಎಂದು ಅವನಿಗೆ ಒಮ್ಮೆಗೇ ಕಣ್ಣಿಗೆ ಕಟ್ಟಿತು. ಬಾಯಿ ಮುಚ್ಚಿದ.

“ಇಲ್ರಿ.”

“ಇಡೀ ಪೀಣ್ಯದಾಗೆ ಎರಡೇ ಕೈ ಅಂತಿದ್ಯಲ್ಲಯ್ಯ? ಆ ಇನ್ನೊಂದು ಕೈ?”

ಸಂಗಣ್ಣನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಮೇಜು ಗುದ್ದಿ ಎದ್ದು ನಿಂತ. “ಏನ್ ಮಾತಾಡ್ತೀರಿ ಸಾಹೇಬ್ರ? ಅಂವ ದೊಡ್ಡ ಕಂಪನಿ ಟರ್ನರ್ ಅದಾನ! ನಾಕು ಮೈಕ್ರಾನಿನಾಗ ಕೆಲಸ ಮಾಡವ! ಅಂಥಾ ಕೆಲಸಗಾರನ ಮ್ಯಾಲ ಅನುಮಾನ ಪಡಾಕ ನಿಮಗ ಮನಸರ ಹೆಂಗ ಬರತೈತ್ರಿ?”

ಇಷ್ಟು ಹೇಳಿ, ದೂರನ್ನೂ ಕೊಡದೆ ಹೊರಗೆ ಬಂದ. ಹಸಿರು ಸೈಕಲ್ಲು ಬೀಗವಿಲ್ಲದೆ ಗೋಡೆಗೆ ಒರಗಿತ್ತು, ಯಾರೂ ಮುಟ್ಟಿರಲಿಲ್ಲ. ಸಂಗಣ್ಣ ಸೀಟಿನ ಮೇಲೆ ಸರಿಯಾಗಿ ಕೂತು, ದಾರಿಯಲ್ಲಿ ಯಾರೂ ಅಡ್ಡ ಇರದಿದ್ದರೂ ಬೆಲ್ಲು ಬಾರಿಸುತ್ತಾ ಕೆಲಸಕ್ಕೆ ಹೋದ.